ಅರ್ಧ ಲೀಟರ್ ಹಾಲಿನ ಡಾಕ್ಟ್ರಮ್ಮ

ಡಾಕ್ಟ್ರಮ್ಮನ ಬೀಳ್ಕೊಡುಗೆಯ ದಿನ ಮೈಕು ನನ್ನ ಕೈಗೆ ಬಂದಾಗ, ಅವರ ಮೇಲೆ ನನಗೆ ಅಪಾರ ಗೌರವ ಎಂದು ಹೇಳಿದೆ. ಚಪ್ಪಾಳೆ ಬಿತ್ತು. ಆಶಾ ಕಾರ್ಯಕರ್ತೆಯರ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು. ಹೇಳಿದ್ದು ಸುಳ್ಳಲ್ಲ. ಆದರೆ ನಾನು ಪ್ರೈಮರಿ ಶಾಲೆಯಿಂದ ಮೆಡಿಕಲ್ ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ನಿಜವನ್ನು ಎಷ್ಟು ಹೇಳಿದರೆ ಚಪ್ಪಾಳೆ, ಎಲ್ಲಿಂದಾಚೆಗೆ ಮುಜುಗರ ಎಂಬ ಅಂದಾಜು ನನಗೆ ಚೆನ್ನಾಗಿದೆ. ಅವರ ಮೇಲೆ ಗೌರವ ಇದ್ದದ್ದು ಸ್ವಲ್ಪ. ಮಿಕ್ಕಿದ್ದೆಲ್ಲ ಹೊಟ್ಟೆಕಿಚ್ಚು. ಅದನ್ನು ಮೈಕಿನಲ್ಲಿ ಹೇಳುವ ಹಾಗಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಅರಕಲಗೂಡು ತಾಲ್ಲೂಕಿನಲ್ಲಿ, ಕೊಣನೂರಿಗೆ ಹೋಗುವ ದಾರಿಯ ಒಂದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಎಂಬಿಬಿಎಸ್ ಮುಗಿಸಿ ಕಡ್ಡಾಯ ಗ್ರಾಮೀಣ ಸೇವೆಗೆಂದು ನಾನು ಅಲ್ಲಿಗೆ ಹೋದಾಗ ಅವರ ನಿವೃತ್ತಿ ಹತ್ತಿರದಲ್ಲೇ ಇತ್ತು. ಹೊಳೆನರಸೀಪುರದ ಕೋಟೆ ಬೀದಿಯ ಮೇಷ್ಟರ ಮನೆಯಲ್ಲಿ ಹುಟ್ಟಿದವರು, ಮದುವೆಯಾಗಿರಲಿಲ್ಲ. ಕುಳ್ಳು ಆಳು, ಕೈಮಗ್ಗದ ಸೀರೆ, ಕಾಲಿಗೆ ರಬ್ಬರ್ ಚಪ್ಪಲಿ. ಸ್ಟೆತಾಸ್ಕೋಪನ್ನು ನಾವೆಲ್ಲ ಕೊರಳಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನವರೆಗೂ ಮೆರೆದರೆ, ಅವರು ಅದನ್ನು ಕೈಚೀಲದಲ್ಲಿ ಛತ್ರಿಯ ಜೊತೆ ಸುರುಳಿ ಸುತ್ತಿ ಇಟ್ಟಿರುತ್ತಿದ್ದರು. ಊರಿನವರಿಗೆ ಅವರು ಡಾಕ್ಟ್ರಮ್ಮ, ನಾನು ಸಣ್ ಡಾಕ್ಟ್ರಮ್ಮ. ನನ್ನ ಎತ್ತರ ಅವರಿಗಿಂತ ಒಂದು ಗೇಣು ಹೆಚ್ಚು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮಾತಿನಲ್ಲಿ ಅವರು ತೀರಾ ಕಚ್ಚಾ. ವಾದಕ್ಕೆ ಎಳೆದರೆ ಒಂದು ವಾಕ್ಯವನ್ನೂ ಮುಗಿಸುತ್ತಿರಲಿಲ್ಲ. "ಅದು ಹಾಗಲ್ಲ, ಅದು ಏನಂದ್ರೆ..." ಎಂದು ಶುರು ಮಾಡಿ, ಕಿಟಕಿಯಾಚೆಯ ಹೊಂಗೆ ಮರ ನೋಡುತ್ತಾ ನಿಂತುಬಿಡುತ್ತಿದ್ದರು. ತಿಂಗಳ ವರದಿ ಯಾವಾಗಲೂ ತಡ. ತಾಲ್ಲೂಕು ಮೀಟಿಂಗಿನಲ್ಲಿ ಬೈಸಿಕೊಂಡು ಬಂದು, "ಇವತ್ತು ಉಪ್ಪಿಟ್ಟು ಚೆನ್ನಾಗಿತ್ತು" ಎಂದು ವರದಿ ಒಪ್ಪಿಸುತ್ತಿದ್ದರು. ಇಂಥವರನ್ನು ವೇದಿಕೆಯ ಮೇಲೆ ನಿಲ್ಲಿಸಿ ಎದುರಿಗೆ ನನ್ನನ್ನು ಬಿಟ್ಟರೆ ಗಂಟೆ ಹೊಡೆಯುವ ಮೊದಲೇ ಮುಗಿಸುತ್ತಿದ್ದೆ. ಮುಗಿಸಿಯೂ ಇದ್ದೆ, ಬಹಳ ಸಲ. ಏನೂ ಪ್ರಯೋಜನವಾಗಲಿಲ್ಲ.

ನಮ್ಮ ಜಗಳದ ಮೂಲ ಒಂದು ಕಾಯಿಲೆ. ಫೈಬ್ರೊಮಯಾಲ್ಜಿಯ ಎಂದು ಅದರ ಹೆಸರು. ತಿಂಗಳುಗಟ್ಟಲೆ ಮೈಯೆಲ್ಲ ನೋವು, ಎಷ್ಟು ಮಲಗಿದರೂ ತೀರದ ಸುಸ್ತು, ತಲೆಯೊಳಗೆ ಮಂಜು ಕವಿದ ಹಾಗೆ ಮರೆವು. ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನು ಎಲ್ಲ ಸರಿಯಾಗಿಯೇ ಇರುತ್ತವೆ. ಹಾಗಾಗಿ ಇಂಥವರು ಡಾಕ್ಟರಿಂದ ಡಾಕ್ಟರಿಗೆ ಅಲೆದು, ಕೊನೆಗೆ ಯಾರಾದರೂ ಸೂಜಿ ಚುಚ್ಚುವವನ ಬಳಿ ಹೋಗಿ ನಿಲ್ಲುತ್ತಾರೆ. ಆ ಭಾಗದಲ್ಲಿ ಅಂಥವರೆಲ್ಲ ಹುಡುಕಿಕೊಂಡು ಬರುತ್ತಿದ್ದುದು ನಮ್ಮ ಡಾಕ್ಟ್ರಮ್ಮನ ಬಳಿಗೆ.

ಕೊಣನೂರು ಸಂತೆಯ ದಿನ ನಮ್ಮಲ್ಲಿ ಜನ ಜಾಸ್ತಿ. ಅಂಥದೊಂದು ದಿನ ಒಬ್ಬ ಗಂಡ ಹೆಂಡತಿಯನ್ನು ಮುಂದಕ್ಕೆ ತಳ್ಳಿಕೊಂಡು ಒಳಗೆ ಬಂದ.

"ಇವ್ಳಿಗೆ ಮೈಕೈ ನೋವು ಕಣಮ್ಮಾರೆ. ಒಂದ್ ಸೂಜಿ ಚುಚ್ಚಿ ಕಳ್ಸಿ, ಸಂತೆ ಮುಗುದೋಯ್ತದೆ."

"ಯಾವಾಗಿಂದ?" ಡಾಕ್ಟ್ರಮ್ಮ ಕೇಳಿದ್ದು ಹೆಂಡತಿಯನ್ನು.

"ಓದ್ ವರ್ಸದ ಸುಗ್ಗಿಯಿಂದ್ಲೂ ಇಂಗೇಯ," ಹೇಳಿದ್ದು ಗಂಡ.

"ರಾತ್ರಿ ನಿದ್ದೆ ಬರುತ್ತಾ?"

"ಮನಿಕತಾಳೆ. ಎದ್ ಮ್ಯಾಲೂ ಮನಿಕಂಡಂಗೇ ಇರ್ತಾಳೆ," ಎಂದು ತಾನೇ ನಕ್ಕ.

"ನಿಮಗೂ ನೋವಿದೆಯಾ?"

"ನಂಗಾ? ನಂಗೇನ್ ಬಂದದೆ ದಾಡಿ."

"ಹಂಗಾದ್ರೆ ಹೊರಗೆ ಕೂತ್ಕೊಳಿ. ಇಲ್ಲಿ ಮಾತಾಡೋರು ಹೊರಗೆ, ನೋವಿರೋರು ಒಳಗೆ."

ಎಂದೂ ತಡವರಿಸದೆ ಅವರು ಪೂರ್ತಿ ಮಾಡುತ್ತಿದ್ದ ವಾಕ್ಯ ಇದು. ನಮ್ಮ ಕಡೆ ಕಾಯಿಲೆಯವರು ಒಬ್ಬರೇ ಆಸ್ಪತ್ರೆಗೆ ಬರುವ ವಾಡಿಕೆಯೇ ಇಲ್ಲ. ಜೊತೆಗೆ ಬಂದವರೇ ಎಲ್ಲವನ್ನೂ ಹೇಳುವುದು, ಕಾಯಿಲೆಯವರು ಸುಮ್ಮನೆ ಗೋಡೆಯ ಪೋಸ್ಟರು ನೋಡುವುದು. ಆ ವಾಡಿಕೆಯನ್ನು ಮುರಿದು ಬಾಗಿಲು ಹಾಕಿದ ಮೇಲೆಯೇ ಅವರ ಕೆಲಸ ಶುರು. ಮೊದಲು ಎದ್ದು ಫ್ಯಾನು ಆರಿಸುವರು, ಕೆಲವರಿಗೆ ಅದರ ಗಾಳಿ ತಾಕಿದರೂ ನೋವು. ಆಮೇಲೆ ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವರು. ಆಮೇಲೆ ಸುಮ್ಮನೆ ಕೂರುವರು. ಮಾತು ಬಾರದ ಡಾಕ್ಟರು, ಮಾತು ಬಾರದ ರೋಗಿ, ಇನ್ನು ಮುಗಿಯಿತು ಎಂದುಕೊಂಡು ನಾನು ಗಡಿಯಾರ ನೋಡಿದೆ.

"ಬಳೆ ತಾಕುದ್ರೂ ನೋಯ್ತದೆ ಅಮ್ಮಾರೆ," ಎಂದಳು ಆಕೆ, ತುಂಬಾ ಹೊತ್ತಿನ ಮೇಲೆ. "ಬೆಳ್ಗೆದ್ರೆ ಯಾರೋ ಮೈಮ್ಯಾಲೆ ಗಾಡಿ ಒಡ್ದಂಗಿರ್ತದೆ. ಯಾರ್ಗಾರ ಏಳುದ್ರೆ ನಗ್ತಾರೆ."

"ನಾನು ನಗಲ್ಲ."

ಥೈರಾಯ್ಡಿಗೆ, ರಕ್ತಹೀನತೆಗೆ ಬೇಕಾದ ಕೆಲವೇ ಪರೀಕ್ಷೆ ಬರೆದರು. "ಇವು ಸರಿಯಾಗಿ ಬಂದ್ರೆ ನಿನಗೆ ನೋವಿಲ್ಲ ಅಂತಲ್ಲ. ಬೇರೆ ಕಾಯಿಲೆ ಇಲ್ಲ ಅಂತ, ಅಷ್ಟೇ," ಎಂದರು. ಮುಂದಿನ ಸಲ ಪರೀಕ್ಷೆಗಳು ಸರಿಯಾಗಿಯೇ ಬಂದವು. ಆಗ ಗಂಡನನ್ನೂ ಒಳಗೆ ಕರೆಸಿ, ಅವನ ಮುಖ ನೋಡಿಕೊಂಡು, ಈಕೆಗೆ ಇರುವುದು ನಿಜವಾದ ನೋವು, ಕಾಯಿಲೆಗೆ ಹೆಸರಿದೆ ಎಂದು ಹೆಸರು ಹೇಳಿದರು.

"ಎಸ್ರೈತಾ?" ಎಂದ ಅವನು. "ಅಂಗಾದ್ರೆ ಕಾಯ್ಲೇನೆ ಬುಡಿ," ಎಂದು ಹೆಂಡತಿಯ ಕೈಯಲ್ಲಿದ್ದ ಸಂತೆಯ ಚೀಲ ಇಸಿದುಕೊಂಡ.

ಅವತ್ತು ಕಾಫಿಯ ಹೊತ್ತಿನಲ್ಲಿ ನಾನು ಡಾಕ್ಟ್ರಮ್ಮನನ್ನು ಹಿಡಿದುಕೊಂಡೆ. "ಹೆಸರಿಟ್ಟ ಮಾತ್ರಕ್ಕೆ ವಿವರಣೆ ಆಗಲ್ಲ ಮೇಡಂ. ಪುರಾವೆ ಎಲ್ಲಿದೆ? ರಕ್ತದಲ್ಲಿಲ್ಲ, ಸ್ಕ್ಯಾನಲ್ಲಿಲ್ಲ. ರೋಗಿ ಹೇಳಿದ್ದನ್ನೇ ನಾವು ಇಂಗ್ಲಿಷಲ್ಲಿ ವಾಪಸ್ ಹೇಳ್ತಿದೀವಿ."

"ಇರಬಹುದು," ಎಂದರು.

"ಇರಬಹುದು ಅಂದ್ರೆ? ನಾನು ಹೇಳಿದ್ದು ಸರಿ ಅಂತ ಒಪ್ತೀರಾ?"

"ಆಯಮ್ಮ ಮುಂದಿನ ತಿಂಗಳು ಬರ್ತಾಳೆ. ನೋಡೋಣ."

"ಬರದಿದ್ರೆ?"

"ಅದೂ ನೋಡೋಣ. ಬಿಸ್ಕತ್ತು ತಗೋ."

ಎದುರಾಳಿ ವಾದಿಸಿದರೆ ಸೋಲಿಸಬಹುದು. 'ಇರಬಹುದು' ಎಂದು ಬಿಸ್ಕತ್ತು ಕೊಡುವವರನ್ನು ಏನು ಮಾಡುವುದು?

ಅವರ ವಿಧಾನ ಎಲ್ಲರಲ್ಲೂ ಗೆಲ್ಲುತ್ತಿರಲಿಲ್ಲ, ಇದನ್ನೂ ಬರೆಯಬೇಕು. ಅದೇ ಹೆಂಗಸು ಕೆಲವು ತಿಂಗಳು ಸರಿಯಾಗಿದ್ದು, ಪಿತೃಪಕ್ಷಕ್ಕೆ ಮೊದಲು ನಾಪತ್ತೆಯಾದಳು. ನಮ್ಮ ಕಡೆ ಪಕ್ಷದ ಹಬ್ಬಕ್ಕೆ ಅಟ್ಟದಿಂದ ಹಿಡಿದು ಹಟ್ಟಿಯವರೆಗೆ ಇಡೀ ಮನೆ ತೊಳೆಯುತ್ತಾರೆ, ಇರುವ ರಗ್ಗು ಕಂಬಳಿಯೆಲ್ಲ ಒಗೆಯುತ್ತಾರೆ. ನೋವು ಕಮ್ಮಿಯಾಗಿದೆ ಎಂದು ಆಕೆ ಅಷ್ಟನ್ನೂ ಒಂದೇ ಸಲಕ್ಕೆ ಮಾಡಿ, ಹಾಸಿಗೆ ಹಿಡಿದು, ಸೂಜಿಯವನ ಬಳಿ ಹೋಗಿ, ಮುಖ ಉಬ್ಬಿಸಿಕೊಂಡು ಬಂದಳು. ಸೂಜಿಯಲ್ಲಿ ಸ್ಟೀರಾಯ್ಡ್ ಇತ್ತೆಂದು ನೋಡಿದರೇ ಗೊತ್ತಾಗುತ್ತಿತ್ತು.

"ನಿಮ್ಮ ವಿಧಾನ ಸೋತಿತಲ್ಲ ಮೇಡಂ," ಎಂದೆ.

"ಸೋತಿತು. ಆದ್ರೆ ವಾಪಸ್ ಇಲ್ಲಿಗೇ ಬಂದ್ಲಲ್ಲ," ಎಂದು ಎದ್ದು ಫ್ಯಾನು ಆರಿಸಿದರು. ಆ ವರ್ಷದಿಂದ ಹಬ್ಬದ ಮುಂಚೆಯೇ ಎಲ್ಲರಿಗೂ ಅವರದೊಂದು ಕೋರಿಕೆ ಶುರುವಾಯಿತು: "ಈ ಸಲ ಅಟ್ಟ ಮುಟ್ಟಬೇಡ, ನನಗೋಸ್ಕರ."

ಇಷ್ಟೇ ಆಗಿದ್ದರೆ ಇದು ಇಬ್ಬರು ಡಾಕ್ಟರುಗಳ ನಡುವಿನ ಭಿನ್ನಾಭಿಪ್ರಾಯ, ಹೊಟ್ಟೆಕಿಚ್ಚಲ್ಲ. ಹೊಟ್ಟೆಕಿಚ್ಚು ಶುರುವಾದದ್ದು ನನ್ನ ಅಮ್ಮನಿಂದ.

ನಮ್ಮ ಊರು ನುಗ್ಗೇಹಳ್ಳಿಯ ಹತ್ತಿರ. ತೆಂಗಿನ ತೋಟ, ಕೊಟ್ಟಿಗೆಯಲ್ಲಿ ಹಸು. ನನಗೆ ಬುದ್ಧಿ ಬಂದಾಗಿನಿಂದ ಅಮ್ಮನಿಗೆ ಎಲ್ಲಾದರೊಂದು ಕಡೆ ನೋವು. ಭುಜ ಬಿಟ್ಟರೆ ಸೊಂಟ, ಸೊಂಟ ಬಿಟ್ಟರೆ ಹಿಮ್ಮಡಿ, ಆಮೇಲಾಮೇಲೆ ಯಾವುದೂ ಬಿಡದೆ ಎಲ್ಲವೂ. ಚನ್ನರಾಯಪಟ್ಟಣದಲ್ಲಿ ಮೂಳೆ ನೋಡುವವರು, ಹಾಸನದಲ್ಲಿ ನರ ನೋಡುವವರು, ಎಲ್ಲರೂ ಏನೂ ಇಲ್ಲ ಎಂದರು. ನಾನು ಮೆಡಿಕಲ್ ಸೇರಿದ ಮೇಲೆ ಅದನ್ನೇ ಇನ್ನೂ ಸ್ಪಷ್ಟವಾಗಿ ಹೇಳಿದೆ. "ಎಲ್ಲಾ ನಾರ್ಮಲ್ ಇದೆ ಅಮ್ಮ. ಖುಷಿಪಡು."

"ಪಡ್ತೀನಿ ಬುಡವ್ವ," ಎಂದು ಅಡುಗೆಮನೆಗೆ ಹೋಗುತ್ತಿದ್ದಳು.

ನಾನು ಹೇಳಿದ್ದರಲ್ಲಿ ಇಂದಿಗೂ ತಪ್ಪು ಕಾಣುವುದಿಲ್ಲ. ಎಲ್ಲವೂ ನಾರ್ಮಲ್ಲೇ ಇತ್ತು. ಸುಮ್ಮನೆಯೂ ಇರಲಿಲ್ಲ ನಾನು. ನಡೆಯುವುದು ಒಳ್ಳೆಯದೆಂದು ಓದಿ, ನನ್ನ ಮೊದಲ ಸ್ಟೈಪೆಂಡಿನಲ್ಲಿ ಅಮ್ಮನಿಗೆ ಬಿಳಿಯ ಸ್ಪೋರ್ಟ್ಸ್ ಶೂ ತಂದುಕೊಟ್ಟಿದ್ದೆ. ಅವಳು ಅದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿದಳು, ಅರಿಶಿನ ಕುಂಕುಮ ಇಡುವುದೊಂದು ಬಾಕಿ. ಆಮೇಲೆ ಡಬ್ಬಿಗೆ ಹಾಕಿ ಬೀರುವಿನ ಮೇಲಿಟ್ಟಳು.

ಅವರೆಕಾಯಿ ಕಾಲದಲ್ಲಿ ಒಂದು ಮೂಟೆ ಕಾಯಿ ಹೊರಿಸಿಕೊಂಡು ಅಮ್ಮ ನನ್ನ ಕ್ವಾರ್ಟರ್ಸಿಗೆ ಬಂದಳು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿದು ಏಳುತ್ತಿದ್ದಳು. ಅದನ್ನು ಕಂಡು, ಹೇಗೂ ಇಲ್ಲೇ ಇದ್ದಾರಲ್ಲ ಎಂದು, ನಾನೇ ಡಾಕ್ಟ್ರಮ್ಮನ ಬಳಿ ಕರೆದುಕೊಂಡು ಹೋದೆ. ಮಗಳೆಂಬುದನ್ನು ಪಕ್ಕಕ್ಕಿಟ್ಟು, ಪರೀಕ್ಷಕರ ಮುಂದೆ ಹೇಳುವಂತೆ ಅಚ್ಚುಕಟ್ಟಾಗಿ ವಿವರಿಸತೊಡಗಿದೆ: ವಯಸ್ಸು ಇಷ್ಟು, ತೊಂದರೆ ಇಷ್ಟು ವರ್ಷದ್ದು, ಇಂಥಿಂಥ ಪರೀಕ್ಷೆ, ಎಲ್ಲ ಸಹಜ. ಅಮ್ಮ ಗೋಡೆಯ ಮೇಲಿನ ಲಸಿಕೆ ಪೋಸ್ಟರು ನೋಡುತ್ತಿದ್ದಳು.

"ಹೊರಗೆ ಲೈನಿದೆ, ಹೋಗಿ ನೋಡು," ಎಂದರು ಡಾಕ್ಟ್ರಮ್ಮ.

"ಮೇಡಂ, ನಾನು ಮಗಳು."

"ಅದಕ್ಕೇ."

ಬಾಗಿಲು ಹಾಕಿಕೊಂಡಿತು. ಹೊರಗೆ ಕೆಮ್ಮು ನೆಗಡಿ ನೋಡುತ್ತಾ ಕೂತೆ. ಮೊದಮೊದಲು ಒಳಗಿಂದ ಏನೂ ಕೇಳಲಿಲ್ಲ. ಸಾಲು ಕರಗುತ್ತಾ ಬಂದ ಮೇಲೆ ಅಮ್ಮ ನಕ್ಕದ್ದು ಕೇಳಿಸಿತು. ಅಜ್ಜಿಯ ಮನೆಗೆ ಹೋದಾಗ, ಅಕ್ಕತಂಗಿಯರು ಸೇರಿದಾಗ ಮಾತ್ರ ನಗುವ ನಗು ಅದು. ನಮ್ಮ ಮನೆಯಲ್ಲಿ ಅದನ್ನು ಕೇಳಿದ್ದು ನನಗೆ ನೆನಪಿಲ್ಲ. ಒಬ್ಬ ಅಜ್ಜನ ಬಿಪಿ ನೋಡುತ್ತಿದ್ದವಳು ಪಟ್ಟಿಯನ್ನು ಎಷ್ಟು ಬಿಗಿ ಮಾಡಿದ್ದೆನೆಂದರೆ ಆತ "ಕೈ ಕಿತ್ತೋಯ್ತದೆ ಕಣವ್ವಾ!" ಎಂದು ಕಿರುಚಿದ.

ಅಮ್ಮ ಹೊರಗೆ ಬಂದಾಗ ಮೂಗು ಕೆಂಪಗಿತ್ತು.

"ಏನು ಕೇಳಿದ್ರು?"

"ಏನಿಲ್ಲ ಬುಡು."

"ನೀನು ಏನು ಹೇಳ್ದೆ?"

"ಏನಿಲ್ಲ ಅಂದ್ನಲ್ಲ. ಜರುಗು, ಅನ್ನಕ್ಕಿಡ್ತೀನಿ."

ಆ ಬಾಗಿಲಿನ ಹಿಂದೆ ನನ್ನ ಅಮ್ಮ ಯಾರೋ ಒಬ್ಬರಿಗೆ ಏನನ್ನೋ ಹೇಳಿದ್ದಳು, ಅದು ನನಗೆ ಬೇಕಾಗಿತ್ತು. ಇಡೀ ವಿಷಯ ಇಷ್ಟೇ.

ಮುಂದಿನ ಸಲ ಅಪ್ಪನನ್ನೂ ಬರಹೇಳಿದರು. ಕಾಯಿಲೆಯ ಹೆಸರು ಹೇಳಿ, ತೋಟದವರಿಗೆ ಅರ್ಥವಾಗಲೆಂದು ಪಂಪ್‌ಸೆಟ್ಟಿನ ಉಪಮೆ ಕೊಟ್ಟರು. "ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿರ್ತೀರಲ್ಲ, ಕರೆಂಟ್ ಬಂದ ತಕ್ಷಣ ತಾನೇ ಓಡುತ್ತೆ. ಬಾವೀಲಿ ನೀರಿದೆಯಾ, ತೋಟಕ್ಕೆ ಬೇಕಾ, ಏನೂ ನೋಡಲ್ಲ. ಇವರ ಮೈಯಲ್ಲಿ ನೋವಿನ ಸ್ಟಾರ್ಟರ್ ಹಂಗಾಗಿದೆ. ಗಾಯ ಇಲ್ಲದಿದ್ರೂ ಓಡ್ತಾ ಇರುತ್ತೆ."

ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಅಷ್ಟು ವರ್ಷ ನೋವನ್ನು ನಂಬದವರು ಸ್ಟಾರ್ಟರನ್ನು ತಕ್ಷಣ ನಂಬಿದರು.

"ನೀರಿಲ್ಲದೆ ಓಡಿದ್ರೆ ಮೋಟರ್ ಸುಟ್ಟುಹೋಗುತ್ತೆ ಮೇಡಂ," ನಾನು ನಡುವೆ ಬಾಯಿ ಹಾಕಿದೆ. "ಇಲ್ಲಿ ನರ ಏನೂ ಸುಡಲ್ಲ. ಹೋಲಿಕೆ ತಪ್ಪು."

"ಹೌದು, ತಪ್ಪು. ಒಳ್ಳೇದು ಸಿಕ್ಕಿದ್ರೆ ಹೇಳು," ಎಂದು ಅಪ್ಪನ ಕಡೆ ತಿರುಗಿದರು. "ಬೆಳಿಗ್ಗೆ ಡೈರಿಗೆ ಹಾಲು ಯಾರು ಹಾಕ್ತಾರೆ?"

"ನಾನೇಯ, ಬೈಕಲ್ಲಿ."

"ಅದರಲ್ಲಿ ಅರ್ಧ ಲೀಟರ್ ತೆಗೆದಿಡಿ. ಅದನ್ನ ಇವರು ನಡ್ಕೊಂಡು ಹೋಗಿ ಹಾಕಲಿ."

"ಅರ್ದ ಲೀಟ್ರಾ! ಡೈರಿಯೋನು ನಗಾಡ್ತಾನೆ ಕಣಮ್ಮಾರೆ."

"ನಗಲಿ ಬಿಡಿ. ಬೆಳಗಾಗೆದ್ದು ಒಬ್ಬರು ನಕ್ಕರೆ ನಿಮಗೇನು ನಷ್ಟ?"

ಆಮೇಲೆ ಅಮ್ಮನಿಗೆ ಹೇಳಿದರು: "ಮೊದಲು ಡೈರಿವರೆಗೂ ಬೇಡ. ದಾರೀಲಿ ನಿಮ್ಮ ಓರಗಿತ್ತಿ ಮನೆ ಇದೆಯಲ್ಲ, ಅಲ್ಲೀವರೆಗೆ ಹೋಗಿ ಅವರ ಕೈಲಿ ಹಾಲು ಕಳಿಸಿ ವಾಪಸ್ ಬನ್ನಿ. ನಿಧಾನಕ್ಕೆ ಮುಂದಕ್ಕೆ ಹೋಗೋಣ. ಚೆನ್ನಾಗಿದೆ ಅನ್ನಿಸಿದ ದಿನವೂ ಅಷ್ಟೇ, ಚೆನ್ನಾಗಿಲ್ಲದ ದಿನವೂ ಅಷ್ಟೇ."

ಓರಗಿತ್ತಿಯ ಮನೆ ದಾರಿಯಲ್ಲಿದೆ ಎಂದು ಅವರಿಗೆ ಹೇಗೆ ಗೊತ್ತಾಯಿತು? ಅಮ್ಮ ಹೇಳಿರಬೇಕು. ಇನ್ನೂ ಏನೇನು ಹೇಳಿದ್ದಾಳೋ ಎಂದು ನನಗೆ ಮೈ ಉರಿಯಿತು.

ಆ ಅರ್ಧ ಲೀಟರಿನ ಗುಟ್ಟು ನನಗೆ ಆಮೇಲೆ ಹೊಳೆಯಿತು. ನಮ್ಮೂರಿನಲ್ಲಿ ಹೆಂಗಸು ಬರಿಗೈಯಲ್ಲಿ ನಡೆಯುವ ಹಾಗಿಲ್ಲ. ಮನೆಯಿಂದ ಹೊರಟರೆ ಪ್ರತಿ ಜಗಲಿಯಿಂದಲೂ "ಎಲ್ಲಿಗೋಯ್ತಿದ್ದೀಯಕ್ಕಾ?" ಎಂದು ಕೇಳುತ್ತಾರೆ. ಆರೋಗ್ಯಕ್ಕೆ ನಡೆಯುತ್ತಿದ್ದೇನೆ ಎಂದರೆ ಅವರು ನಗುತ್ತಾರೆ, ಮನೆಯಲ್ಲಿ ಕೆಲಸವಿಲ್ಲವೇ ಎನ್ನುತ್ತಾರೆ. ಸೀರೆಯ ಕೆಳಗೆ ಬಿಳಿ ಶೂ ಬೇರೆ ಇದ್ದರಂತೂ ಮುಗಿಯಿತು. ಕೈಯಲ್ಲಿ ಹಾಲಿನ ಕ್ಯಾನಿದ್ದರೆ "ಡೈರಿಗೆ" ಎಂದು ಒಂದೇ ಮಾತು, ಎಲ್ಲರಿಗೂ ಸಮಾಧಾನ. ಡಾಕ್ಟ್ರಮ್ಮ ಬರೆದುಕೊಟ್ಟದ್ದು ನಡಿಗೆಗಿಂತ ಹೆಚ್ಚಾಗಿ, ನಡೆಯುವುದಕ್ಕೊಂದು ನೆಪ. ಇದು ನನಗೆ ಯಾಕೆ ಹೊಳೆಯಲಿಲ್ಲ? ಆ ಊರಿನಲ್ಲಿ ಹುಟ್ಟಿದವಳು ನಾನು, ಅವರಲ್ಲ!

ರಾತ್ರಿ ಊಟವಾದ ಮೇಲೆ ನುಂಗಲು ಒಂದು ಚಿಕ್ಕ ಮಾತ್ರೆಯನ್ನೂ ಕೊಟ್ಟಿದ್ದರು. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ಮಾವ, ಅಮ್ಮನ ಅಣ್ಣ, ಮೊಬೈಲಿನಲ್ಲಿ ಅದನ್ನು ಹುಡುಕಿ ಹೌಹಾರಿದರು. "ಇದು ತಲೆ ಕೆಟ್ಟೋರ್ಗೆ ಕೊಡೋ ಮಾತ್ರೆ ಕಣಮ್ಮಿ! ಬಿಸಾಕು ಅತ್ಲಾಗೆ."

"ಡಾಕ್ಟ್ರಮ್ಮ ಮೊದ್ಲೇ ಏಳವ್ರೆ," ಎಂದಳು ಅಮ್ಮ. "ಜಾಸ್ತಿ ಕೊಟ್ರೆ ಮನ್ಸಿಗೆ, ಕಮ್ಮಿ ಕೊಟ್ರೆ ನಿದ್ದೆಗೆ, ನೋವ್ಗೆ ಅಂತ. ನಿನ್ನಂತೋರು ಬಂದು ಎದುರುಸ್ತಾರೆ ಅಂತ್ಲೂ ಏಳವ್ರೆ."

ಅಮ್ಮನ ನೋವು ಪೂರ್ತಿ ಹೋಗಲಿಲ್ಲ. ಆದರೆ ರಾತ್ರಿ ನಿದ್ದೆ ಬಂತು, ಗೋಡೆ ಹಿಡಿಯದೆ ಎದ್ದಳು. ಮದುವೆಮನೆಗಳಿಗೆ ಹೋಗಿ, ಬೇಳೆ ತೊಳೆಯಲು ಕೂರದೆ ಊಟ ಮಾಡಿ ಎದ್ದು ಬರುವುದನ್ನು ಕಲಿತಳು. ಊರಿನಲ್ಲಿ ಅವಳಿಗೆ 'ಅರ್ದ ಲೀಟ್ರಕ್ಕ' ಎಂದು ಹೆಸರು ಬಿತ್ತು. ಬೇಸರವಿಲ್ಲ ಅವಳಿಗೆ, ಹೇಳಿಕೊಂಡು ನಗುತ್ತಿದ್ದಳು. ನಾನು ಮಾತ್ರ, ಅರ್ಧ ಲೀಟರಿನ ಭಾರದಿಂದ ಸ್ನಾಯುಗಳಿಗೆ ಏನೂ ಆಗುವುದಿಲ್ಲ, ಇದರ ಪರಿಣಾಮಕ್ಕೆ ಬೇರೆ ಕಾರಣಗಳೂ ಇರಬಹುದು ಎಂದು ಡಾಕ್ಟ್ರಮ್ಮನ ಜೊತೆ ಒಂದು ಇಡೀ ಮಧ್ಯಾಹ್ನ ವಾದಿಸಿದೆ.

"ಇರಬಹುದು," ಎಂದರು.

ಗ್ರಾಮೀಣ ಸೇವೆ ಮುಗಿದು ನಾನು ಹಾಸನದ ಒಂದು ಕ್ಲಿನಿಕ್ಕಿಗೆ ಸೇರಿದೆ. ಇನ್ನು ಅಮ್ಮ ನನ್ನ ಬಳಿಯೇ ತೋರಿಸಿಕೊಳ್ಳುತ್ತಾಳೆ ಎಂದುಕೊಂಡರೆ, ಅವಳು ನುಗ್ಗೇಹಳ್ಳಿಯಲ್ಲಿ ಬಸ್ಸು ಹತ್ತಿ, ಚನ್ನರಾಯಪಟ್ಟಣದಲ್ಲಿ ಬದಲಿಸಿ, ಹೊಳೆನರಸೀಪುರ, ಅರಕಲಗೂಡು ದಾಟಿ ಅವರ ಬಳಿಗೇ ಹೋಗುತ್ತಿದ್ದಳು. ನೋವಿನ ಮೈಯನ್ನು ಅಷ್ಟು ಬಸ್ಸುಗಳಲ್ಲಿ ಕುಲುಕಿಸಿಕೊಂಡು! ಕೈಯಲ್ಲಿ ಕೋಡುಬಳೆಯ ಡಬ್ಬಿ ಬೇರೆ. ಒಂದು ಸಲ ನಾನು ಮನೆಗೆ ಹೋದರೆ ನನಗೆ ಸಿಕ್ಕಿದ್ದು ಮುರಿದ ಚೂರುಗಳು.

"ಮುರಿದವು ನನಗೆ, ಇಡೀವು ಅವರಿಗಾ?"

"ಅಯ್ಯೋ, ಮನೆ ಮಗ್ಳಿಗೆ ಯಾವ್ದಾದ್ರೇನವ್ವ."

ಕೊನೆಗೆ ಒಂದು ಭಾನುವಾರ ಡಾಕ್ಟ್ರಮ್ಮನ ಮನೆಗೇ ಹೋಗಿ ಕೇಳಿದೆ. ನಮ್ಮಮ್ಮ ನಿಮಗೆ ಏನು ಹೇಳುತ್ತಾಳೆ?

"ಅದನ್ನ ನಾನು ಹೇಳೋ ಹಾಗಿಲ್ಲ. ನಿಮ್ಮಮ್ಮನ್ನೇ ಕೇಳು."

"ಕೇಳಿದ್ರೆ ಹೇಳಲ್ಲ."

"ಕೇಳ್ತೀಯೋ, ಪಾಟೀಸವಾಲು ಹಾಕ್ತೀಯೋ?"

ನನ್ನ ವಾದಕ್ಕೆ ಅವರು ಕೊಟ್ಟ ಏಕೈಕ ಚುರುಕು ಉತ್ತರ ಅದು. ಅವರು ತಮ್ಮ ಜಾಣತನಕ್ಕೆ ತಾವೇ ಗಾಬರಿಯಾದವರಂತೆ ಕಾಫಿ ಮಾಡಲು ಒಳಗೆ ಹೋದರು.

ಅವರು ನಿವೃತ್ತರಾಗಿ ಮೈಸೂರಿಗೆ, ತಮ್ಮನ ಮನೆಯ ಹತ್ತಿರ ಮನೆ ಮಾಡಿಕೊಂಡು ಹೋದರು. ಅದಾದ ಮೇಲೆ ಬಂದ ಪಿತೃಪಕ್ಷದಲ್ಲಿ, 'ಅಟ್ಟ ಮುಟ್ಟಬೇಡ' ಎನ್ನುವವರು ಇರಲಿಲ್ಲ. ಅಮ್ಮ ಅಟ್ಟ ಮುಟ್ಟಿದಳು. ಹಿತ್ತಾಳೆ ಹಂಡೆಯಿಂದ ಹಿಡಿದು ಕಂಬಳಿಯವರೆಗೆ ಎಲ್ಲ ತೊಳೆದಳು. ಹಬ್ಬ ಮುಗಿಯುವಷ್ಟರಲ್ಲಿ ಹಾಸಿಗೆ ಹಿಡಿದಳು. ಮೈಸೂರಿಗೆ ಫೋನು ಮಾಡಿದಳಂತೆ. "ನಾನೀಗ ಬಾಗಿಲು ಮುಚ್ಚಿದೀನಿ, ಹಾಸನದಲ್ಲಿ ಮಗಳಿದ್ದಾಳಲ್ಲ" ಎಂದರಂತೆ.

ಹೀಗೆ ಬೇರೆ ಗತಿಯಿಲ್ಲದೆ ಅಮ್ಮ ನನ್ನ ಕ್ಲಿನಿಕ್ಕಿಗೆ ಬಂದಳು. ಜೊತೆಗೆ ಅಪ್ಪ, ಮಾವ. ಮಾವ ಆಗಲೇ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪರಿಚಯದವರನ್ನು ಹಿಡಿದಿದ್ದರು.

"ಇಷ್ಟ್ ವರ್ಸ ಅರ್ದ ಲೀಟ್ರು ಆಲು ಒರ್ಸಿದ್ದೇ ಬಂತು. ಇವತ್ತೇ ಓಗಿ ತಲೆಯಿಂದ ಕಾಲ್ಗಂಟ ಸ್ಕ್ಯಾನ್ ಮಾಡ್ಸ್‌ಬುಡಾನ. ಏನೈತೆ ಅಂತ ಗೊತ್ತಾಯ್ತದೆ."

"ಅಲ್ಲೀವರ್ಗೂ ಒಂದ್ ಸೂಜಿನಾದ್ರೂ ಆಕವ್ವ," ಎಂದರು ಅಪ್ಪ.

ನಾನು ಮೊದಲು ಅಮ್ಮನನ್ನು ಸರಿಯಾಗಿ ಪರೀಕ್ಷಿಸಿದೆ. ಜ್ವರವಿಲ್ಲ, ತೂಕ ಇಳಿದಿಲ್ಲ, ಕೈಕಾಲಿನ ಬಲ ಸರಿಯಾಗಿದೆ, ಕೀಲು ಊದಿಲ್ಲ. ಹೊಸ ಕಾಯಿಲೆಯ ಲಕ್ಷಣ ಒಂದೂ ಇಲ್ಲ. ಹಳೆಯ ನೋವು, ಅತಿಯಾದ ಕೆಲಸಕ್ಕೆ ಕೆರಳಿದೆ. ಆಮೇಲೆ ಮಾವನ ಕಡೆ ತಿರುಗಿದೆ. ನನ್ನ ಇಡೀ ತರಬೇತಿ ಆ ಹೊತ್ತಿಗಾಗಿಯೇ ಕಾದಿದ್ದಂತಿತ್ತು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಅವಳ ನೋವು ಸುಳ್ಳಾಗುತ್ತದೆಯೇ? ಈ ವಯಸ್ಸಿನ ಯಾರದೇ ಬೆನ್ನಿನಲ್ಲೂ ಕಾಣುವ ಸವೆತ ಕಂಡರೆ, ಅದಕ್ಕೆಂದು ಕೊಯ್ಯಿಸುತ್ತೀರಾ? ಸೂಜಿಯಿಂದ ಮುಖ ಉಬ್ಬಿಸಿಕೊಂಡವರನ್ನು ನೋಡಿದ್ದೀರಾ? ಸ್ಟಾರ್ಟರ್ ಕೆಟ್ಟು ಮೋಟರು ತಾನೇ ಓಡುತ್ತಿದ್ದರೆ ಬಾವಿ ಅಗೆಸುತ್ತೀರಾ?

ನನ್ನ ಬಾಯಲ್ಲಿ ಆ ಸ್ಟಾರ್ಟರ್ ಬಂದದ್ದು ಕೇಳಿ ನನಗೇ ರೇಗಿತು. ಅದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿರಲಿಲ್ಲ. ಮಾವ ಮೊಬೈಲು ಜೇಬಿಗಿಳಿಸಿದರು. ಅಪ್ಪ ಕಿಟಕಿ ನೋಡಿದರು. ಸಂಶಯವಿಲ್ಲದ ಗೆಲುವು.

"ವಾದ ಮುಗೀತಾ?" ಎಂದಳು ಅಮ್ಮ, ಮಂಚದ ಮೇಲಿಂದ.

"ಮುಗೀತು."

"ನೀನೇ ಗೆದ್ದೆ ಬುಡು. ಅಣ್ಣಯ್ಯ, ನೀವಿಬ್ರೂ ಓಗಿ ಕಾಪಿ ಕುಡ್ಕಂಬನ್ನಿ. ನಿದಾನುಕ್ಕೆ ಬನ್ನಿ."

ಅವರು ಹೋದರು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಬಾಯಿಗೆ ಬಂದ ಪ್ರಶ್ನೆಗಳೆಲ್ಲ ಸವಾಲುಗಳೇ. ಒಂದೊಂದನ್ನೇ ನುಂಗಿದೆ. ಉಳಿದದ್ದು ಒಂದೇ. "ಹೆಂಗಿದ್ದೀಯಮ್ಮ?"

ಹೇಳಿದಳು. ಬೆಳಿಗ್ಗೆ ಎದ್ದರೆ ಕೈ ತನ್ನದಲ್ಲ ಅನ್ನಿಸುವುದು. ಸೀರೆಯ ನೆರಿಗೆ ಹಿಡಿಯುವಷ್ಟರಲ್ಲಿ ಸಾಕಾಗಿ, ಮತ್ತೆ ಬಿಚ್ಚಿ ಮಲಗೋಣ ಅನ್ನಿಸುವುದು. ಒಲೆಯ ಮುಂದೆ ನಿಂತು, ಏನು ಮಾಡಲು ಬಂದೆನೆಂದು ಮರೆತು, ಯಾರಾದರೂ ನೋಡಿಯಾರೆಂದು ಸುಮ್ಮನೆ ಸೌಟು ಆಡಿಸುವುದು. "ನಿಮ್ಮಪ್ಪ ಬೆಳಿಗ್ಗೆ 'ಎದ್ದಾ?' ಅಂತಾರೆ. ಎಂಗಿದ್ದೀಯಾ ಅನ್ನಲ್ಲ. ನಾನು ಎದ್ದೆ ಅಂತೀನಿ. ಅಲ್ಲಿಗೆ ಮುಗೀತು ನಮ್ಮಿಬ್ರು ಮಾತು."

ನಡುವೆ ಬಾಯಿ ಹಾಕದೆ ಕೇಳುತ್ತಿದ್ದೆ. ಕೇಳುತ್ತಾ ಕೇಳುತ್ತಾ ಒಂದು ತಿಳಿಯಿತು. ಅಮ್ಮ ಎಲ್ಲೂ ತಡವರಿಸುತ್ತಿರಲಿಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿದ್ದಳು, ಎಲ್ಲಿ ನಗಬೇಕೋ ಅಲ್ಲಿ ನಗುತ್ತಿದ್ದಳು. ಮೊದಲ ಸಲ ಹೇಳುವ ಮಾತು ಹೀಗಿರುವುದಿಲ್ಲ. ಅವೆಲ್ಲ ಆಗಲೇ ಹೇಳಿಯಾಗಿ, ಹೇಳಿ ಹೇಳಿ ನಯವಾದ ಮಾತುಗಳು. ಹುಡುಕಾಡಿದ್ದು, ತೊದಲಿದ್ದು, ಅತ್ತದ್ದು ಎಲ್ಲವೂ ಆ ಇನ್ನೊಂದು ಕೋಣೆಯಲ್ಲಿ, ಆ ಇನ್ನೊಬ್ಬರ ಮುಂದೆ ಮುಗಿದಿತ್ತು. ಹೆತ್ತ ತಾಯಿಯ ನೋವನ್ನು ನಾನು ಎರಡನೆಯವಳಾಗಿ ಕೇಳುತ್ತಿದ್ದೆ.

ಅಮ್ಮ ನಿಲ್ಲಿಸಿದಳು. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಇನ್ನೊಂದೈತೆ," ಎಂದಳು. "ಅದು... ಎಂಗೇಳ್ಲಿ... ಅವರ್ಗೂ ಏಳಿಲ್ಲ ಕಣೆ."

ಹೇಳಿದಳು. ಅದು ಏನೆಂದು ಇಲ್ಲಿ ಬರೆಯುವುದಿಲ್ಲ, ಡಾಕ್ಟ್ರಮ್ಮನಿಗಂತೂ ಹೇಳುವುದೇ ಇಲ್ಲ. ಅವರಿಗೆ ನಿಜವಾಗಿಯೂ ಹೇಳಿರಲಿಲ್ಲವೋ, ಮಗಳ ಮುಖ ಬಾಡಿದ್ದು ಕಂಡು ಹಾಗೆಂದಳೋ, ನನಗೆ ಗೊತ್ತಿಲ್ಲ. ಪುರಾವೆ ಕೇಳಲಿಲ್ಲ. ಎದ್ದು ಬಾಗಿಲು ಹಾಕಿ, ಅವಳ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡೆ.